ವಾಸನೆ ಹೋದ ದಿನ

ನಮ್ಮ ಸ್ಥಾವರದಲ್ಲಿ ವಾಸನೆ ಬಂದರೇ ನನಗೆ ನೆಮ್ಮದಿ. ಇದನ್ನು ಹೊರಗಿನವರಿಗೆ ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ. ಇಡೀ ಊರಿನ ಬಚ್ಚಲು, ಕಕ್ಕಸು, ಅಡುಗೆಮನೆಗಳ ಕೊಳೆನೀರು ಬಂದು ಸೇರುವ ಜಾಗ ಘಮಘಮ ಅನ್ನಬೇಕು ಎಂದು ಬಯಸುವವರಿಗೆ ಏನು ಹೇಳುವುದು? ಗಾಳಿ ಊದುವ ದೊಡ್ಡ ತೊಟ್ಟಿಯ ಮೇಲಿನ ಕಟ್ಟೆಯಲ್ಲಿ ನಿಂತರೆ ಹಸಿ ಮಣ್ಣಿನಂಥ ಒಂದು ವಾಸನೆ ಬರುತ್ತದೆ. ಅದು ಬಂದರೆ ಒಳಗಿನ ಜೀವಾಣುಗಳು ಉಂಡು ಸುಖವಾಗಿವೆ ಎಂದರ್ಥ. ಅವು ಕೊಳೆಯನ್ನು ತಿನ್ನಬೇಕು, ತಿಂದು ಭಾರವಾಗಿ ಕಂದು ಕೆಸರಾಗಿ ತಳಕ್ಕೆ ಕೂರಬೇಕು, ಮೇಲೆ ಉಳಿದ ತಿಳಿನೀರು ಕಾಲುವೆ ಹಿಡಿದು ಹೊಳೆಗೆ ಹೋಗಬೇಕು. ಅಲ್ಲಿರುವ ಯಂತ್ರಗಳೆಲ್ಲ ಆ ಜೀವಾಣುಗಳ ಚಾಕರಿಗೆ ಇರುವವು. ನಾನೂ ಅಷ್ಟೆ.

ಹನ್ನೊಂದು ವರ್ಷದಿಂದ ಹಗಲು ಪಾಳಿಯ ಉಸ್ತುವಾರಿ ನನ್ನದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈಯಂತೂ ಒಂದು ದಿನವೂ ಕೆಸರು ಬಿಟ್ಟಿದ್ದಿಲ್ಲ, ಮೊಸರು ಯಾರ ಬಾಯಿಗೆ ಹೋಯಿತೋ ಗೊತ್ತಿಲ್ಲ. ಆದರೂ ಒಂದು ಜಂಬ ನನಗಿತ್ತು. ಪಾಳಿಯ ರಿಜಿಸ್ಟರಿನಲ್ಲಿ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದೆ. ನೀರು ಕೆಟ್ಟ ದಿನ ಕೆಟ್ಟಿದೆ ಎಂದೇ ಬರೆದಿದ್ದೆ.

ಆ ಸೋಮವಾರ ಹನ್ನೊಂದು ಗಂಟೆಗೆ ಮೇಲಿನ ಕಚೇರಿಯಿಂದ ತಪಾಸಣೆಯ ತಂಡ ಬರುವುದಿತ್ತು. ನಾನು ಆರೂವರೆಗೆ ಗೇಟು ದಾಟುವಾಗಲೇ ಮೂಗಿಗೆ ಲಿಂಬೆಯ ಪರಿಮಳ ಬಡಿಯಿತು. ಯಾರೋ ಕಚೇರಿಯ ನೆಲ ಒರೆಸಿರಬೇಕು ಅಂದುಕೊಂಡೆ. ಆದರೆ ತೊಟ್ಟಿಯ ಹತ್ತಿರ ಹೋದಷ್ಟೂ ಪರಿಮಳ ಜಾಸ್ತಿಯಾಯಿತು. ಕಟ್ಟೆ ಹತ್ತಿ ನೋಡಿದರೆ ಕಂದು ನೀರಿನ ಮೇಲೆ ಮೊಣಕಾಲೆತ್ತರ ಬಿಳಿ ನೊರೆ. ಅದರ ಪಕ್ಕದಲ್ಲಿ ನನ್ನ ಮೈದುನ ಸೊಂಟಕ್ಕೆ ಕೈಯಿಟ್ಟು, ಗೆದ್ದ ಕುಸ್ತಿ ಪೈಲ್ವಾನನ ಹಾಗೆ ನಿಂತಿದ್ದ.

ಇವನು ನನ್ನ ಗಂಡನ ಕಿರಿಯ ತಮ್ಮ. ಈ ಕೆಲಸಕ್ಕೆ ಇವನನ್ನು ಸೇರಿಸಿದ್ದು ನಾನೇ, ಯಾರನ್ನೂ ದೂರುವ ಹಾಗಿಲ್ಲ. ಹತ್ತು ತಿಂಗಳಿಂದ ರಾತ್ರಿ ಪಾಳಿಯಲ್ಲಿದ್ದ. ಇನ್ನೆರಡು ತಿಂಗಳು ಕಳೆದರೆ ಖಾಯಂ. ಖಾಯಂ ಆದ ಮೇಲೆ ಮದುವೆ ಎಂದು ಹುಡುಗಿಯ ಮನೆಯವರೊಂದಿಗೆ ಮಾತಾಗಿತ್ತು.

"ಅತ್ತಿಗೆ, ಹೇಗಿದೆ? ಈಗ ಯಾರು ಬೇಕಾದ್ರೂ ಮೂಗು ಮುಚ್ಕೊಳ್ದೆ ನಿಲ್ಬಹುದು."

"ಏನೋ ಹಾಕಿದೀಯ?"

"ಕಕ್ಕಸಿಗೆ ಹಾಕೋ ಲಿಂಬೆ ದ್ರಾವಣ. ಇಡೀ ಕಚೇರಿಗೆ ವರ್ಷಕ್ಕಾಗುವಷ್ಟು ತರಿಸಿಟ್ಟಿದ್ರಲ್ಲ, ನಲವತ್ತು ಕ್ಯಾನು."

"ಅದ್ರಲ್ಲಿ ಎಷ್ಟು ಹಾಕ್ದೆ?"

"ನಲವತ್ತೂ."

ಒಂದೊಂದು ಕ್ಯಾನು ಇಪ್ಪತ್ತು ಲೀಟರಿನದು. ಬೆಳಗಿನ ಜಾವ ಒಬ್ಬನೇ ಕೈಗಾಡಿಯಲ್ಲಿ ತಳ್ಳಿಕೊಂಡು ಬಂದು ಸುರಿದಿದ್ದನಂತೆ. ಮನೆಯ ಕಕ್ಕಸಿಗೆ ಒಂದು ಮುಚ್ಚಳ ಹಾಕುತ್ತೇವೆ, ಇದು ಊರಿನ ಕಕ್ಕಸು, ಹಾಗಾಗಿ ನಲವತ್ತು ಕ್ಯಾನು. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದೂ ಕಷ್ಟ.

ನಾನು ಖಾಲಿ ಕ್ಯಾನೊಂದನ್ನು ಅವನ ಕೈಗೆ ಕೊಟ್ಟೆ. "ಇದ್ರ ಮೇಲೇನು ಬರ್ದಿದೆ, ಓದು."

"ನೂರಕ್ಕೆ ತೊಂಬತ್ತೊಂಬತ್ತು ಕ್ರಿಮಿಗಳನ್ನ ಕೊಲ್ಲುತ್ತೆ ಅಂತ."

"ನಮ್ಮ ತೊಟ್ಟೀಲಿ ಇರೋದೇನು?"

ಅವನು ಕ್ಯಾನನ್ನು ತಿರುಗಿಸಿ ಇನ್ನೊಂದು ಸಲ ಓದಿದ. ನನಗೆ ಕೋಪ ನೆತ್ತಿಗೇರಿತ್ತು. ಆ ಕ್ಯಾನಿನಲ್ಲೇ ಎರಡು ಬಾರಿಸಬೇಕು ಅನ್ನಿಸಿತು. ಸಮಯವಿರಲಿಲ್ಲ ಎಂದು ಬಿಟ್ಟೆ.

ಮೊದಲು ಓಡಿಹೋಗಿ ಚಕ್ರ ತಿರುಗಿಸಿ, ಹೊಳೆಯ ಕಡೆಯ ಗೇಟು ಮುಚ್ಚಿದೆ. ಊರಿನಿಂದ ಬರುವ ಕೊಳೆನೀರನ್ನು ಬಿಡಿ ತೊಟ್ಟಿಗೆ ತಿರುಗಿಸಿದೆ. ಅದು ಮಳೆಗಾಲದ ಹೆಚ್ಚುವರಿ ನೀರಿಗೆಂದು ಕಟ್ಟಿದ್ದು, ಬೇಸಗೆಯಲ್ಲಿ ಖಾಲಿ ಇರುತ್ತದೆ. ಆದರೆ ಎರಡು ದಿನದ ನೀರಿಗಿಂತ ಹೆಚ್ಚು ಹಿಡಿಯದು. ಆಮೇಲೆ ಗಾಜಿನ ಸಿಲಿಂಡರಿನಲ್ಲಿ ತೊಟ್ಟಿಯ ನೀರು ತುಂಬಿ ಮೇಜಿನ ಮೇಲಿಟ್ಟೆ. ದಿನಾ ಅರ್ಧ ಗಂಟೆಯಲ್ಲಿ ಕೆಸರು ಕೆಳಗೆ ಕೂತು ಮೇಲೆ ತಿಳಿನೀರು ನಿಲ್ಲುತ್ತಿತ್ತು. ಅಂದು ಒಂದು ಗಂಟೆ ಕಳೆದರೂ ಕದಡಿದ ನೀರು ಕದಡಿಕೊಂಡೇ ಇತ್ತು. ಒಂದು ಹನಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಸಣ್ಣ ದಂಟಿನ ಮೇಲೆ ಗಂಟೆಯಂತೆ ಕೂತು ಬಾಯಿ ಆಡಿಸುತ್ತಿರುವ ಜೀವಿಗಳನ್ನು ನಾನು ಹನ್ನೊಂದು ವರ್ಷದಿಂದ ನೋಡುತ್ತಿದ್ದವಳು. ಅಂದು ಒಂದೂ ಅಲುಗಲಿಲ್ಲ. ನನಗೆ ಅಳು ಬಂತು. ಕಣ್ಣಿಗೆ ಕಾಣದ ಹುಳಗಳಿಗೆ ಅಳುತ್ತೀಯಾ ಎಂದು ನಗುವವರು ನಗಲಿ.

ಎಂಟು ಗಂಟೆಗೆ ಎಂಜಿನಿಯರ್ ಬಂದರು. ಯಾವ ಮಾತಿಗೂ 'ಆಗಲಿ, ನೋಡೋಣ' ಅನ್ನುವವರಾದ್ದರಿಂದ ನಾವೆಲ್ಲ ಅವರನ್ನು ನೋಡೋಣ ಸಾಹೇಬರು ಎಂದೇ ಕರೆಯುತ್ತೇವೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನೀರಿನಲ್ಲಿ ಉಳಿದ ಆಮ್ಲಜನಕ ಅಳೆಯುವ ಮೀಟರನ್ನು ನೋಡುತ್ತಿದ್ದರು.

"ಮೇಡಂ, ದಿನಾ ಎರಡು ಇರ್ತಿತ್ತು. ಇವತ್ತು ಏಳಿದೆ. ಒಳ್ಳೇದಾಗಿದೆಯಲ್ಲ?"

"ಸರ್, ಊಟ ಮಾಡೋರು ಇಲ್ದಿರೋ ಮನೇಲಿ ಅಡುಗೆ ಉಳಿದಿದೆ ಅಷ್ಟೆ. ಉಸಿರಾಡೋಕೆ ಒಳಗೆ ಯಾರೂ ಇಲ್ಲ. ತಪಾಸಣೆ ಮುಂದಕ್ಕೆ ಹಾಕಿಸಿ."

"ಅವ್ರು ಆಗ್ಲೇ ಹೊರಟಾಯ್ತು. ಆಗಲಿ, ನೋಡೋಣ."

ನೋಡೋಣ ಸಾಹೇಬರು ನೋಡಿದ್ದು ಇಷ್ಟು. ಹೊಳೆಗೆ ಹೋಗುವ ಕಾಲುವೆ ಒಣಗಿದ್ದರೆ ಬಂದವರು ಕಾರಣ ಕೇಳುತ್ತಾರೆ. ಅದಕ್ಕೆ ಹೂದೋಟದ ನಲ್ಲಿ ನೀರಿನ ಟ್ಯಾಂಕು ತೆರೆದು ಕಾಲುವೆಗೆ ಬಿಡಿಸಿದರು. ಹನ್ನೊಂದಕ್ಕೆ ಬಂದ ಆರು ಜನ ಆ ನಲ್ಲಿ ನೀರನ್ನು ಬಗ್ಗಿ ನೋಡಿ, ಇಷ್ಟು ಸ್ವಚ್ಛವಾದ ನೀರು ಬೇರೆಲ್ಲೂ ಕಂಡಿಲ್ಲ ಅಂದರು. ಮೀಟರಿನ ಏಳನ್ನು ಬರೆದುಕೊಂಡರು. ನೊರೆಯ ಫೋಟೋ ತೆಗೆದರು. ತಂಡದ ಮುಖ್ಯಸ್ಥರು ಕಟ್ಟೆಯ ಮೇಲೆ ನಿಂತು ಉಸಿರೆಳೆದುಕೊಂಡು, "ವಾಸನೆಯೇ ಇಲ್ಲವಲ್ರೀ, ಇದು ಯಾರ ಐಡಿಯಾ?" ಎಂದು ಕೇಳಿದರು. ನೋಡೋಣ ಸಾಹೇಬರು ಮೈದುನನ ಬೆನ್ನು ತಟ್ಟಿ ಮುಂದೆ ನೂಕಿದರು. ನಾನು ಬಾಯಿ ತೆರೆದೆ. "ಸರ್, ಇದು ಸತ್ತಿದೆ" ಅಂದೆ. ಅವರು ನಕ್ಕು, "ವಾಸನೆ ಸತ್ತರೆ ಒಳ್ಳೇದೇ ಅಲ್ವೇನಮ್ಮ" ಅಂದು ಕಾರು ಹತ್ತಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರ ಮುಂದೆ ಇನ್ನೇನು ಮಾತಾಡುವುದು.

ಕಾರು ಹೋದ ಮೇಲೆ ನಾನು ಪಕ್ಕದೂರಿನ ಸ್ಥಾವರಕ್ಕೆ ಫೋನು ಮಾಡಿದೆ. ಆ ಊರು ನಮ್ಮಿಂದ ಆರು ಕಿಲೋಮೀಟರು ಕೆಳಗೆ, ಅದೇ ಹೊಳೆಯ ದಂಡೆಯಲ್ಲಿದೆ. ಅವರು ಕುಡಿಯುವ ನೀರು ಎತ್ತುವ ಬಾವಿಯೂ ಹೊಳೆಯಲ್ಲೇ ಇದೆ. ಬೇಸಗೆಯಲ್ಲಿ ಹೊಳೆ ಮೊಣಕಾಲುದ್ದ. ಅದರಲ್ಲಿ ಅರ್ಧ ನಾವು ತೊಳೆದು ಬಿಟ್ಟ ನೀರೇ. ಅಲ್ಲಿಯ ಉಸ್ತುವಾರಿಯನ್ನು ಕಸುಬಿನವರೆಲ್ಲ ದೊಡ್ಡಣ್ಣ ಅನ್ನುತ್ತೇವೆ.

"ದೊಡ್ಡಣ್ಣ, ಹೆಪ್ಪು ಬೇಕಿತ್ತು."

ಹಾಲಿಗೆ ಹೆಪ್ಪು ಹಾಕಿದರೆ ಮೊಸರಾಗುವ ಹಾಗೆ, ಬದುಕಿರುವ ಕೆಸರನ್ನು ತಂದು ಹಾಕಿದರೆ ಸತ್ತ ತೊಟ್ಟಿ ಎರಡು ಮೂರು ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ತಾನಾಗಿಯೇ ಬೆಳೆಯಲಿ ಎಂದು ಬಿಟ್ಟರೆ ಮೂರು ವಾರ. ಅಷ್ಟು ದಿನ ಊರಿನ ಕೊಳೆ ಹಾಗೆಯೇ ಹೊಳೆಗೆ ಹೋಗಬೇಕು. ಊರಿನ ಬಚ್ಚಲಿಗೆಲ್ಲ ಬೀಗ ಹಾಕಲು ಆಗುತ್ತದೆಯೇ?

"ಎಷ್ಟು ಬೇಕಮ್ಮ?"

"ಹತ್ತು ಟ್ಯಾಂಕರು."

"ಅಂದ್ರೆ ಪೂರ್ತಿ ಹೋಗಿದೆ. ಕೊಡ್ತೀನಿ, ನಿನಗೆ ಇಲ್ಲ ಅಂತೀನಾ? ಆದ್ರೆ ಫಾರಂ ಬೇಕು. ಯಾವ ವಿಷದಿಂದ ಸತ್ತಿದ್ದು ಅಂತ, ಆ ಹೊತ್ತಿನ ಪಾಳೀಲಿ ಇದ್ದೋರೇ ಬರೆದು ಸಹಿ ಹಾಕಿರ್ಬೇಕು. ಗೊತ್ತಿಲ್ದೆ ಕಳಿಸಿ ನಂದೂ ಸತ್ರೆ? ಅದೇ ವಿಷ ನಾಳೆ ನಮ್ಮ ಬಾವಿಗೆ ಬಂದ್ರೆ?"

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಅಂದು ಒಂದಿಡೀ ದಿನದಲ್ಲಿ ನಾನು ಕೇಳಿದ ಸರಿಯಾದ ಮಾತು ಅದೊಂದೇ. ಮೈದುನನ ಮುಂದೆ ಫಾರಂ ಇಟ್ಟೆ. ಅವನು ನೋಡೋಣ ಸಾಹೇಬರ ಮುಖ ನೋಡಿದ.

"ಕರೆಂಟು ಹೋಗಿತ್ತು ಅಂತ ಬರೀಲಿ ಬಿಡಿ ಮೇಡಂ," ಅಂದರು ಸಾಹೇಬರು. "ಕರೆಂಟೇನು ಬಂದು ಸಾಕ್ಷಿ ಹೇಳುತ್ತಾ?"

"ಕರೆಂಟು ಹೋದ್ರೆ ಅವು ಸಾಯಲ್ಲ ಸರ್, ಮಲಗ್ತವೆ. ಇದು ದೊಡ್ಡಣ್ಣನಿಗೆ ಗೊತ್ತಿಲ್ವಾ? ಹೆಪ್ಪು ಯಾಕೆ ಅಂತ ಕೇಳಲ್ವಾ?"

"ಹೊಗಳಿ ಹೋಗಿ ಎರಡು ಗಂಟೆ ಆಗಿಲ್ಲ, ನಾವೇ ಕೊಂದ್ವಿ ಅಂತ ಬರೆದು ಕೊಡೋಕಾಗುತ್ತಾ? ಆಗಲಿ, ನೋಡೋಣ."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಇಬ್ಬರೂ ನನ್ನ ಮುಖ ನೋಡಿದರು. ಸಂಜೆಯ ಹೊತ್ತಿಗೆ ಬಿಡಿ ತೊಟ್ಟಿ ಅರ್ಧ ತುಂಬಿತ್ತು.

ಮನೆಗೆ ಬಂದರೆ ಸುದ್ದಿ ನನಗಿಂತ ಮೊದಲೇ ಬಂದು ಕೂತಿತ್ತು. ಅತ್ತೆ ಸೊಪ್ಪು ಬಿಡಿಸುತ್ತ ಕೂತಿದ್ದರು. ನನ್ನ ಗಂಡ ದರ್ಜಿ. ಮಾತು ಬೇಡವಾದಾಗ ಮೆಷಿನ್ ತುಳಿಯುತ್ತಾರೆ. ಅಂದು ಬಹಳ ಜೋರಾಗಿ ತುಳಿಯುತ್ತಿದ್ದರು. ಮೈದುನ ಕೋಣೆಯ ಬಾಗಿಲು ಹಾಕಿಕೊಂಡಿದ್ದ.

"ಇವತ್ತು ದೊಡ್ಡೋರೆಲ್ಲ ಅವನ ಬೆನ್ನು ತಟ್ಟಿದ್ರಂತೆ," ಅಂದರು ಅತ್ತೆ. "ನೀನು ಅದೇನೋ ಕಾಗದಕ್ಕೆ ಸಹಿ ಹಾಕು ಅಂತಿದೀಯಂತೆ."

"ಹಾಕ್ಲೇಬೇಕು ಅತ್ತೆ. ನಾಳೆ ಸಂಜೆಯೊಳಗೆ ಹೆಪ್ಪು ಬರ್ದಿದ್ರೆ ಕೊಳೆನೀರು ಹೊಳೆಗೆ ಹೋಗುತ್ತೆ. ಕೆಳಗಿನವರು ಅದನ್ನೇ ಕುಡೀಬೇಕು."

"ಸಹಿ ಹಾಕಿದ್ರೆ ಕೆಲಸ ಹೋಗುತ್ತೆ. ಕೆಲಸ ಹೋದ್ರೆ ಹುಡುಗಿ ಕೊಡಲ್ಲ. ನೀನು ಖಾಯಂ. ಆ ಪಾಳೀಲಿ ನಾನಿದ್ದೆ ಅಂತ ನೀನೇ ಬರ್ಕೊ. ನಿನ್ನನ್ನ ಯಾರು ತೆಗೀತಾರೆ? ಎರಡು ಮಾತು ಬೈತಾರೆ, ಅಷ್ಟೆ ತಾನೆ."

ನಾನು ಗಂಡನ ಕಡೆ ನೋಡಿದೆ. ಅವರು ಹೊಲಿಗೆ ಹಾಕಿ ಮುಗಿದ ಬಟ್ಟೆಯ ಮೇಲೇ ಇನ್ನೊಂದು ಸಲ ಹೊಲಿಗೆ ಹಾಕುತ್ತಿದ್ದರು. ಅತ್ತೆಯ ಮಾತು ನನ್ನ ತಲೆಯಲ್ಲಿ ಒಂದು ಸುತ್ತು ಹಾಕಿಲ್ಲ ಅಂದರೆ ಸುಳ್ಳಾಗುತ್ತದೆ. ಬರೆದುಬಿಟ್ಟರೆ ಮನೆಯೂ ತಣ್ಣಗಿರುತ್ತದೆ, ಹೆಪ್ಪೂ ಬರುತ್ತದೆ. ಆದರೆ ಅವನು ಮುಂದಿನ ತಿಂಗಳು ಇನ್ನೊಂದು ಐಡಿಯಾ ಮಾಡುತ್ತಾನೆ. ಅದಕ್ಕೂ ನಾನೇ ಸಹಿ ಹಾಕಬೇಕು. ಊಟಕ್ಕೆ ಕೂರಲು ಮನಸ್ಸಾಗದೆ ಹೋಗಿ ಮಲಗಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಬಿಡಿ ತೊಟ್ಟಿಯ ನೀರು ಅಂಚಿಗೆ ಎರಡು ಗೇಣು ಉಳಿಸಿಕೊಂಡಿತ್ತು. ನನ್ನ ಲೆಕ್ಕಕ್ಕಿಂತ ಬೇಗ. ಎಲ್ಲರೂ ಸೋಮವಾರವೇ ಬಟ್ಟೆ ಒಗೆದಿದ್ದರೋ ಏನೋ. ನಾನು ಮೈದುನನನ್ನು ಮನೆಯಿಂದ ಕರೆಸಿ ಹೊಳೆಯ ಗೇಟಿನ ಬಳಿಗೆ ಕರೆದುಕೊಂಡು ಹೋದೆ.

"ಇನ್ನು ಎರಡು ಗಂಟೇಲಿ ಇದು ತುಂಬುತ್ತೆ. ತುಂಬಿದ್ರೆ ಗೇಟು ತೆಗೀಲೇಬೇಕು, ಇಲ್ಲಾಂದ್ರೆ ಪಂಪುಗಳ ಕೋಣೆ ಮುಳುಗುತ್ತೆ. ನಾನಂತೂ ತೆಗೆಯಲ್ಲ. ಬಾ, ನೀನೇ ಚಕ್ರ ತಿರುಗಿಸು."

"ನಾನ್ಯಾಕೆ ಅತ್ತಿಗೆ?"

"ಸಹಿ ಹಾಕಲ್ಲ ಅಂದ್ರೆ ಇದನ್ನಾದ್ರೂ ಮಾಡು. ಎರಡರಲ್ಲಿ ಒಂದು ನಿನ್ನ ಕೈಯಿಂದಲೇ ಆಗ್ಬೇಕು."

ಅವನು ಚಕ್ರಕ್ಕೆ ಕೈ ಹಾಕಿದ. ಅಲ್ಲಿಂದ ಹೊಳೆ ಚೆನ್ನಾಗಿ ಕಾಣುತ್ತದೆ. ತಿರುವಿನಲ್ಲಿ ಒಬ್ಬಳು ಹೆಂಗಸು ನೀರಿಗಿಳಿದು ಮಗುವಿನ ತಲೆ ತೊಳೆಯುತ್ತಿದ್ದಳು. ಮಗು ಬಾಯಿ ತುಂಬ ನೀರು ತುಂಬಿಕೊಂಡು ಅವಳ ಮುಖಕ್ಕೆ ಉಗುಳುತ್ತಿತ್ತು. ಅವಳು ಬೈಯುತ್ತಿದ್ದದ್ದು ನಮಗೂ ಕೇಳುತ್ತಿತ್ತು. ಮೈದುನ ತುಂಬ ಹೊತ್ತು ಹಾಗೇ ನಿಂತ. ಕಬ್ಬಿಣದ ಚಕ್ರ ಬಿಸಿಲಿಗೆ ಸುಡುತ್ತಿತ್ತು, ಆದರೂ ಕೈ ತೆಗೆಯಲಿಲ್ಲ, ತಿರುಗಿಸಲೂ ಇಲ್ಲ.

"ಪೆನ್ನು ಕೊಡಿ," ಅಂದ.

ಚಕ್ರದ ಮೇಲೇ ಕಾಗದ ಇಟ್ಟುಕೊಂಡು ಬರೆದ. ಯಾವ ದ್ರಾವಣ, ಎಷ್ಟು ಕ್ಯಾನು, ಎಷ್ಟು ಗಂಟೆಗೆ, ಯಾರೂ ಹೇಳದೆ ತಾನೇ ಮಾಡಿದ್ದು, ಎಲ್ಲವನ್ನೂ ಬರೆದ. ಲಿಂಬೆ ಪರಿಮಳದ್ದು ಅಂತಲೂ ಬರೆದ. ಅಕ್ಷರಗಳು ಅಡ್ಡಾದಿಡ್ಡಿ ಇದ್ದವು, ಮಾತು ಮಾತ್ರ ನೆಟ್ಟಗಿತ್ತು. ನಾನು ಅವನಿಗೆ ಒಳ್ಳೆಯ ಮಾತು ಏನೂ ಹೇಳಲಿಲ್ಲ. ಹೇಳಬೇಕಿತ್ತು.

ಒಂದು ಗಂಟೆಯೊಳಗೆ ಮೊದಲ ಟ್ಯಾಂಕರು ಬಂತು. ದೊಡ್ಡಣ್ಣ ತಾನೇ ಮುಂದಿನ ಸೀಟಿನಲ್ಲಿ ಕೂತು ಬಂದಿದ್ದ. ಸತ್ತ ಕೆಸರನ್ನು ನೀರಿನ ಸಮೇತ ಕೆಸರು ಒಣಗಿಸುವ ಮರಳಿನ ಅಂಗಳಕ್ಕೆ ನೂಕಿ, ಹೊಸದನ್ನು ತುಂಬಿ, ಗಾಳಿ ಬಿಟ್ಟೆವು. ಎರಡು ದಿನ ಮೈದುನ ಮನೆಗೇ ಹೋಗಲಿಲ್ಲ. ಸೊಂಟದವರೆಗೆ ಕೆಸರಿನಲ್ಲಿ ನಿಂತು ಪೈಪು ಹಿಡಿದ. ಮೀಟರು ಏಳರಿಂದ ಐದಕ್ಕೆ, ಐದರಿಂದ ಮೂರಕ್ಕೆ ಇಳಿಯಿತು. ಬಿಡಿ ತೊಟ್ಟಿಯ ನೀರನ್ನು ಚೂರು ಚೂರೇ ಒಳಗೆ ಬಿಟ್ಟುಕೊಂಡೆವು. ಹೊಳೆಗೆ ಕೆಟ್ಟ ನೀರು ಒಂದು ಕೊಡವೂ ಹೋಗಲಿಲ್ಲ. ಐದನೆಯ ದಿನ ಕಟ್ಟೆಯ ಮೇಲೆ ಹಸಿ ಮಣ್ಣಿನ ವಾಸನೆ ಬಂತು. ಸಂತೋಷಕ್ಕೆ ನಾನು ಅಲ್ಲೇ ಕೂತುಬಿಟ್ಟೆ.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಆದರೆ ನಮ್ಮ ಕಚೇರಿ ಮುಗಿಯಲು ಬಿಡಬೇಕಲ್ಲ.

ಫಾರಮ್ಮಿನ ಸುದ್ದಿ ಮೇಲಿನ ಕಚೇರಿಗೆ ಮುಟ್ಟಿ ಮೊದಲು ಮೈದುನನ ಹೆಸರಿಗೆ ನೋಟಿಸು ಬಂತು, ಕೆಲಸದಿಂದ ಯಾಕೆ ತೆಗೆಯಬಾರದು ಎಂದು. ಆ ಸುದ್ದಿ ಮುಟ್ಟಿದ ದಿನವೇ ಹುಡುಗಿಯ ಮನೆಯವರು ಮಾತು ಮುರಿದುಕೊಂಡರು. ಅತ್ತೆ ನನ್ನ ಕೈಯಿಂದ ನೀರು ತೆಗೆದುಕೊಳ್ಳುವುದನ್ನೂ ಬಿಟ್ಟರು. ಅದಾಗಿ ಒಂಬತ್ತು ದಿನಕ್ಕೆ ತಪಾಸಣೆಯ ತಂಡದ ವರದಿ ಬಂತು. ದುರ್ವಾಸನೆ ನಿವಾರಣೆಯಲ್ಲಿ ನಮ್ಮ ಸ್ಥಾವರ ಮಾದರಿ, ಆ ನೌಕರ ಅಭಿನಂದನೆಗೆ ಅರ್ಹ ಎಂದಿತ್ತು. ನೋಟಿಸು ವಾಪಸಾಯಿತು. ಹುಡುಗಿಯ ಮನೆಯವರು ವಾಪಸಾಗಲಿಲ್ಲ, ಅವಳಿಗೆ ಅಷ್ಟರಲ್ಲಿ ಬೇರೆ ಕಡೆ ಮದುವೆ ನಿಶ್ಚಯವಾಗಿತ್ತು. ವರದಿಯ ಹಿಂದೆಯೇ ಆದೇಶವೊಂದು ಬಂತು. ಇನ್ನು ಮುಂದೆ ಪ್ರತಿ ತಿಂಗಳ ಒಂದನೇ ತಾರೀಕು ಅದೇ ದ್ರಾವಣವನ್ನು ಅಷ್ಟೇ ಪ್ರಮಾಣದಲ್ಲಿ ತೊಟ್ಟಿಗೆ ಸುರಿಯಬೇಕು.

ನಾನು ನಾಲ್ಕು ಕಾಗದ ಬರೆದೆ. ಮೈದುನ ಬರೆದ ಫಾರಮ್ಮಿನ ನಕಲು ಲಗತ್ತಿಸಿದೆ, ದೊಡ್ಡಣ್ಣನಿಂದ ಬರೆಸಿದೆ. ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. 'ವಿಷಯ ಪರಿಶೀಲನೆಯಲ್ಲಿದೆ, ಅಲ್ಲಿಯವರೆಗೆ ಆದೇಶ ಪಾಲಿಸುವುದು' ಎಂದು ಉತ್ತರ ಬಂತು. ನೋಡೋಣ ಸಾಹೇಬರ ಮೇಜಿನ ಮೇಲೆ ಆ ಉತ್ತರವನ್ನು ಬಡಿದು, ಇವರಿಗೆ ಓದಲು ಬರುತ್ತದೆಯೇ ಎಂದು ಕೇಳಿದೆ.

"ಮೇಡಂ, ಮೇಲಿಂದ ಬಂದಿದ್ದು. ನಾನು ಏನ್ಮಾಡ್ಲಿ?" ಅಂದರು. ಆಗಲಿ ಎಂದೂ ಅನ್ನಲಿಲ್ಲ, ನೋಡೋಣ ಎಂದೂ ಅನ್ನಲಿಲ್ಲ.

ಒಂದನೇ ತಾರೀಕು ನಲವತ್ತು ಕ್ಯಾನು ಬಂದಿಳಿದವು. ನಾನೂ ಮೈದುನನೂ ಅವನ್ನು ಹಳೆಯ ಪಂಪಿನ ಕೋಣೆಗೆ ಸಾಗಿಸಿ ಬೀಗ ಹಾಕಿದೆವು. ರಿಜಿಸ್ಟರಿನಲ್ಲಿ ಹೊಸ ಕಾಲಂ ಬಂದಿತ್ತು: ದ್ರಾವಣ ಸುರಿದ ವೇಳೆ, ಪ್ರಮಾಣ, ಸಹಿ. ಆ ಪುಟದ ನಕಲು ಸಂಜೆಯೊಳಗೆ ಮೇಲಿನ ಕಚೇರಿಗೆ ಹೋಗಬೇಕು. ಕಾಲಂ ಖಾಲಿಯಿದ್ದರೆ ಅಲ್ಲಿಂದ ಜನ ಬಂದು ನಿಂತು ಕಣ್ಣೆದುರೇ ಸುರಿಸುತ್ತಾರೆ.

ಮೈದುನ ಪೆನ್ನು ಹಿಡಿದು ಕೂತ. "ಸುರಿದಿಲ್ಲ, ಸುರಿದ್ರೆ ಜೀವಾಣು ಸಾಯ್ತವೆ ಅಂತ ಬರೀಲಾ ಅತ್ತಿಗೆ?"

"ಬೆಳಗ್ಗೆ ಹತ್ತು ಗಂಟೆ, ನಲವತ್ತು ಕ್ಯಾನು ಅಂತ ಬರಿ."

"ಸುರಿದೇ ಇಲ್ವಲ್ಲ."

"ಬರಿ ಅಂದೆ."

ಅವನು ಪೆನ್ನು ಕೆಳಗಿಟ್ಟ. ದನಿಯಲ್ಲಿ ಸಿಟ್ಟಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳುವವನ ಹಾಗೆ ಕೇಳಿದ. "ಅವತ್ತು ನಿಜ ಬರ್ದು ನಾನು ಅವಳನ್ನ ಕಳ್ಕೊಂಡೆ. ಇವತ್ತು ಸುಳ್ಳು ಬರೀಬೇಕಾ?"

ನನಗೆ ಮೈಯೆಲ್ಲ ಉರಿಯಿತು. ಯಾರ ಮೇಲೆ ಅನ್ನುವುದು ಗೊತ್ತಾಗಲಿಲ್ಲ. ಅವನ ಮುಂದಿದ್ದ ರಿಜಿಸ್ಟರನ್ನು ನನ್ನ ಕಡೆ ಎಳೆದುಕೊಂಡು ನಾನೇ ಬರೆದೆ. ಹತ್ತು ಗಂಟೆ, ನಲವತ್ತು ಕ್ಯಾನು, ಕೆಳಗೆ ನನ್ನ ಸಹಿ. ಹನ್ನೊಂದು ವರ್ಷದ ಪುಟಗಳಲ್ಲಿ ಇದ್ದ ಅದೇ ದುಂಡು ಅಕ್ಷರದಲ್ಲೇ ಅದೂ ಬಂತು.

ಬರೆದು ಮುಗಿಸಿ ತಲೆಯೆತ್ತಿದಾಗ ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ಎದ್ದು, ಗಾಜಿನ ಸಿಲಿಂಡರು ತೆಗೆದುಕೊಂಡು, ದಿನದ ಪರೀಕ್ಷೆಗೆ ನೀರು ತರಲು ತೊಟ್ಟಿಯ ಕಡೆ ಹೋದ.